ಬೇಡವೆನ್ನಬಾರದ ದಿನ

ಕೆಂಡದಲ್ಲಿ ಕಾದ ಬಿಳಿ ಬೆಣಚುಕಲ್ಲನ್ನು ಇಕ್ಕಳದಲ್ಲಿ ಹಿಡಿದು ಕಷಾಯದೊಳಗೆ ಬಿಟ್ಟಾಗ ಚುಂಯ್ ಎಂಬ ಸದ್ದು ಒಂದೇ ಸಲ ಬರುತ್ತದೆ; ಒಗ್ಗರಣೆಯಂತೆ ಸಿಡಿಯುತ್ತ ಉಳಿಯುವುದಿಲ್ಲ. ಸದ್ದು ಅಡಗಿದ ಮೇಲೆ ಹಬೆ ಏಳುತ್ತದೆ. ಬೆಳ್ಳುಳ್ಳಿ, ಓಮ, ಕಾಳುಮೆಣಸು ಎಲ್ಲ ಅದರಲ್ಲಿದ್ದರೂ ಮೂಗಿಗೆ ಮೊದಲು ತಾಗುವುದು ಹಾಲೆ ಮರದ ತೊಗಟೆಯ ಹಸಿ ಕಹಿ.

ಈ ವರ್ಷವೂ ಆಸಾಡಿ ಅಮಾಸೆಯ ಬೆಳಿಗ್ಗೆ ಬ್ರಹ್ಮಾವರದ ನಮ್ಮ ಅಡುಗೆಮನೆಯಲ್ಲಿ ಆ ವಾಸನೆ ಎದ್ದಿತು. ಸೂರ್ಯ ಹುಟ್ಟುವ ಮೊದಲು ಮರದ ಹತ್ತಿರ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆದ ತೊಗಟೆ ಅದು. ಅದರ ಕಷಾಯವನ್ನು ಖಾಲಿ ಹೊಟ್ಟೆಯಲ್ಲಿ ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲವೆಂದು ನಮ್ಮ ಕಡೆ ನಂಬುತ್ತಾರೆ. ಮನೆಯಲ್ಲಿ ಒಬ್ಬರೂ ತಪ್ಪಿಸುವಂತಿಲ್ಲ. ಮಕ್ಕಳು ಹಟ ಹಿಡಿದರೆ ಮೂಗು ಮುಚ್ಚಿ ಬಾಯಿಗೆ ಹೊಯ್ಯುತ್ತಾರೆ.

"ಬ್ಯಾಡ ಅಂಬುಕಿಲ್ಲೆ ಇವತ್ತ್," ಎಂದಳು ಅಮ್ಮ, ಲೋಟ ನನ್ನ ಕೈಗಿಟ್ಟು.

ನಾನು ಅದನ್ನು ಹಿಡಿದುಕೊಂಡು ಜಗಲಿಗೆ ಬಂದೆ. ಯಾಕೆ ಬಂದೆನೆಂದು ಅಮ್ಮ ಕೇಳಲಿಲ್ಲ. ಕೆಲಸದ ವಿಷಯವನ್ನು ನಾನು ಮನೆಯಲ್ಲಿ ಹೇಳುವುದು ಕಡಿಮೆ, ಶೀನಣ್ಣನ ವಿಷಯವನ್ನಂತೂ ಹೇಳಿಯೇ ಇಲ್ಲ.

ಅದು ಮೂರು ವರ್ಷದ ಹಿಂದಿನ ಮಳೆಗಾಲ. ಓದು ಮುಗಿಸಿ ಕುಂದಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ಸೇರಿದ್ದೆ. ಸ್ಪೀಚ್ ಥೆರಪಿ ಎಂಬ ಫಲಕ ನೋಡಿ ಬರುತ್ತಿದ್ದವರು ಹೆಚ್ಚಾಗಿ ಮಾತು ತಡವಾದ ಮಕ್ಕಳ ತಾಯಂದಿರು. ದೊಡ್ಡವರು ತಾವಾಗಿ ಬರುತ್ತಿರಲಿಲ್ಲ, ಯಾರೋ ಕರೆತರುತ್ತಿದ್ದರು. ನಡುಕದ ಕಾಯಿಲೆಯಿಂದ ಸ್ವರ ತಗ್ಗಿ ತಗ್ಗಿ, ಫೋನಿನಲ್ಲಿ ಮಗಳಿಗೂ ಕೇಳಿಸದ ಒಬ್ಬ ನಿವೃತ್ತ ಶಿಕ್ಷಕಿ. ಮುಂಬಯಿಯಲ್ಲಿ ಹೋಟೆಲು ನಡೆಸಿದ್ದು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಹಾಲು ಒಲೆಯ ಮೇಲಿಟ್ಟದ್ದನ್ನೇ ಮರೆಯುವ ಒಬ್ಬರು. ಶಿಕ್ಷಕಿಗೆ ದಿನವೂ ಎದೆ ತುಂಬ ಗಾಳಿ ತೆಗೆದುಕೊಂಡು ದೂರದ ಗೋಡೆಗೆ ಕೇಳುವಂತೆ ಮಾತಾಡಲು ಕಲಿಸಿದೆ. ಹೋಟೆಲಿನವರೊಂದಿಗೆ ಕೂತು, ಒಂದು ಚಹಾ ಮಾಡುವ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಮುಗಿಸಿದ್ದನ್ನೆಲ್ಲ ಬಾಯಲ್ಲಿ ಹೇಳಿಸಿ ಮುಂದೆ ಹೋಗುವ ಅಭ್ಯಾಸ ಮಾಡಿಸಿದೆ. ಇದೂ ಮಾತಿನವರ ಕೆಲಸವೇ ಎಂದು ಜನರಿಗೆ ಆಶ್ಚರ್ಯ. ನುಂಗುವ ತೊಂದರೆಯನ್ನೂ ನಾನೇ ನೋಡುತ್ತೇನೆಂದರೆ ಇನ್ನೂ ಆಶ್ಚರ್ಯ. ಮಾತಿಗೂ ನುಂಗುವುದಕ್ಕೂ ಅದೇ ತುಟಿ, ಅದೇ ನಾಲಗೆ, ಅದೇ ಗಂಟಲು ಎಂದು ವಿವರಿಸುತ್ತಿದ್ದೆ.

ಶೀನಣ್ಣ ಕುಂದಾಪುರ-ಬೈಂದೂರು ನಡುವಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ತಲೆ ನರೆಯುವವರೆಗೂ ಅದೇ ರಸ್ತೆ, ಅದೇ ಬಾಗಿಲು. ಮಳೆ ಹಿಡಿಯುವ ಮುಂಚಿನ ಸೆಕೆಯಲ್ಲಿ, ಬಸ್ಸಿನಿಂದ ಇಳಿಯುವಾಗಲೇ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಬಿದ್ದವು, ಮಾತು ಹೋಯಿತು. ನಾನು ಮೊದಲ ಸಲ ನೋಡಿದಾಗ ಮೂಗಿನಲ್ಲಿ ಆಹಾರದ ನಳಿಗೆ ಇತ್ತು. ಸರಿಯಿದ್ದ ಎಡಗೈಯನ್ನು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ನಳಿಗೆ ಕಿತ್ತುಹಾಕುತ್ತಾರೆಂದು ಹಾಗೆ ಮಾಡಿದ್ದು.

ಸುತ್ತ ನೆಂಟರು ಗುಂಪಾಗಿ ನಿಂತಿದ್ದರು. ಶೀನಣ್ಣ ಅವರನ್ನೆಲ್ಲ ಒಮ್ಮೆ ನೋಡಿ, ಸ್ಪಷ್ಟವಾಗಿ, "ಮುಂದ್ ಹೋಯ್ನಿ, ಮುಂದ್ ಹೋಯ್ನಿ," ಎಂದರು.

ಎಲ್ಲರೂ ನಕ್ಕರು. ಹೆಂಡತಿ ಗಿರಿಜಕ್ಕ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಕಾಣಿ ಮೇಡಂ, ಮಾತ್ ಬಂತಲ್ದಾ?"

ಬಂದಿರಲಿಲ್ಲ. ಸಾವಿರ ಸಲ ಹೇಳಿ ಪಾಠವಾದ ಮಾತು ಮೆದುಳಿನ ಬೇರೆ ಮೂಲೆಯಲ್ಲಿ ಉಳಿದಿರುತ್ತದೆ. ಬೇಕೆಂದು ಹುಡುಕಿ ತೆಗೆಯುವ ಮಾತು ಬೇರೆ. ಅದನ್ನು ಅವತ್ತು ಹೇಳುವ ಧೈರ್ಯವಾಗದೆ, ಕಟ್ಟಿದ ಕೈಯನ್ನು ನಾನಿರುವಷ್ಟು ಹೊತ್ತು ಬಿಚ್ಚಿಡಿ ಎಂದಷ್ಟೇ ಕೇಳಿಕೊಂಡೆ.

ಜೂನ್ ತಿಂಗಳು ನುಂಗುವುದರಲ್ಲೇ ಕಳೆಯಿತು. ಒಂದು ಚಮಚ ಕಾಯಿಸಿದ ದಪ್ಪ ರಾಗಿ ಹಿಟ್ಟು ಬಾಯಿಗಿಟ್ಟು, ಗಂಟಲ ಮಣಿಯ ಮೇಲೆ ಬೆರಳಿಟ್ಟು, ಅದು ಏರಿ ಇಳಿಯುವುದನ್ನು ಕಾಯುತ್ತಿದ್ದೆ. ಏರುತ್ತಿತ್ತು, ಆದರೆ ತಡವಾಗಿ. ದೊಡ್ಡ ಆಸ್ಪತ್ರೆಗೆ ಕಳಿಸಿ, ನುಂಗುವಾಗಲೇ ಎಕ್ಸ್‌ರೇ ಹಿಡಿದು ನೋಡಿದೆವು. ದಪ್ಪಗಿನದು ಸರಿಯಾದ ದಾರಿಯಲ್ಲಿ ಹೋಗುತ್ತಿತ್ತು. ನೀರು ಮಾತ್ರ ಗಂಟಲು ಮುಚ್ಚಿಕೊಳ್ಳುವ ಮೊದಲೇ ಜಾರಿ ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಅವರು ಕೆಮ್ಮಲಿಲ್ಲ. ಏನೂ ಆಗದವರಂತೆ ಎದುರಿನ ಗೋಡೆ ನೋಡುತ್ತ ಕೂತಿದ್ದರು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಕೆಮ್ಮುವವರನ್ನು ಮನೆಯವರು ಕಾಯುತ್ತಾರೆ, ಕೆಮ್ಮದವರನ್ನು ಯಾರು ಕಾಯುತ್ತಾರೆ?

ನಳಿಗೆ ತೆಗೆದು ಬಾಯಿಯಿಂದ ಊಟ ಶುರು ಮಾಡುವ ದಿನ, ಗಂಜಿ ಕೊಡಬೇಡಿ ಎಂದೆ. ಶಂಕರನಾರಾಯಣದಿಂದ ಬಂದಿದ್ದ ಶೀನಣ್ಣನ ಅಕ್ಕ ರಾಧಕ್ಕ ನನ್ನ ಮುಖವನ್ನೇ ನೋಡಿದರು.

"ಗಂಜಿ ಆಗ್ದಾ? ಸೀಕಿನವ್ರಿಗ್ ಗಂಜಿ ಅಲ್ದೆ ಎಂತ ಬಿರಿಯಾನಿ ಕೊಡುದಾ ಟೀಚರ್ರೇ?"

ಮಾತು ಕಲಿಸುವವಳೆಂದು ರಾಧಕ್ಕ ನನ್ನನ್ನು ಟೀಚರ್ ಎನ್ನುತ್ತಿದ್ದರು. ಕುಚ್ಚಲಕ್ಕಿ ಗಂಜಿಯಲ್ಲಿ ಅಗುಳು ಒಂದು ಕಡೆ, ತಿಳಿ ಒಂದು ಕಡೆ. ನಾಲಗೆ ಅಗುಳನ್ನು ಸಂಭಾಳಿಸುವಷ್ಟರಲ್ಲಿ ತಿಳಿ ಎದೆಗೆ ಇಳಿದಿರುತ್ತದೆ ಎಂದು ವಿವರಿಸಿದೆ. ಬದಲಿಗೆ ನುಣ್ಣಗಿನ ರಾಗಿ ಮಣ್ಣಿ, ಚಮಚದಿಂದ ಬೀಳದಷ್ಟು ದಪ್ಪ. ನೀರಿಗೂ ಚಹಾಕ್ಕೂ ದಪ್ಪ ಮಾಡುವ ಪುಡಿ. ಬೆನ್ನು ನೆಟ್ಟಗೆ, ಗದ್ದ ಸ್ವಲ್ಪ ಕೆಳಗೆ, ಒಂದು ತುತ್ತು ನುಂಗಿದ ಮೇಲೆ ಇನ್ನೊಮ್ಮೆ ಬರಿದೇ ನುಂಗಿಸಿ ಆಮೇಲೆ ಮುಂದಿನ ತುತ್ತು.

ಗಿರಿಜಕ್ಕ ಎಲ್ಲವನ್ನೂ ಕೇಳಿ, ನನ್ನ ಎದುರೇ ಒಂದು ಲೋಟ ಚಹಾ ದಪ್ಪ ಮಾಡಿ ತೋರಿಸಿದರು. ಸರಿಯಾಗಿತ್ತು. ರಾಧಕ್ಕ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಇದ್ ಚಾ ಅಲ್ಲ ಗಿರಿಜಾ. ಬಯಲಾಟದ ಪೋಸ್ಟರ್ ಗೋಡಿಗ್ ಅಂಟ್ಸು ಅಂಟ್."

"ನೀವ್ ಸುಮ್ನಿರಿ ಅತ್ಗಿ. ಮೂಗಿನ್ ಪೈಪ್ ಹೋಯ್ತಲ್ದಾ, ಅಷ್ಟ್ ಸಾಕ್."

ಆಮೇಲೆ ಅವರು ಕಿರಿಮಂಜೇಶ್ವರದ ಮನೆಗೆ ಹೋದರು. ಶನಿವಾರ ಮಧ್ಯಾಹ್ನ ಹೊರರೋಗಿಗಳಿರುತ್ತಿರಲಿಲ್ಲವಾದ್ದರಿಂದ ನಾನೇ ಬಸ್ಸು ಹತ್ತಿ ಹೋಗುತ್ತಿದ್ದೆ. ಆ ವರ್ಷದ ಮಳೆಗೆ ಬಿಡುವೆಂಬುದೇ ಇರಲಿಲ್ಲ. ಮರವಂತೆಯಲ್ಲಿ ಗಾಳಿಗೆ ಅಲೆಯ ತುಂತುರು ಕಿಟಕಿಯೊಳಗೆ ಬರುತ್ತಿತ್ತು, ಜನ ಎದ್ದು ಆಚೆ ಬದಿಗೆ ಸರಿಯುತ್ತಿದ್ದರು. ಕೆಲವು ವಾರದಲ್ಲೇ ಬಸ್ಸಿನವರಿಗೆ ನನ್ನ ಗುರುತಾಯಿತು.

"ಶೀನಣ್ಣನ ಮನಿಗ್ ಅಲ್ದಾ? ಮಾತ್ ಬಂತಾ ಮೇಡಂ?" ಎಂದು ಅವತ್ತಿನ ಕಂಡಕ್ಟರ್ ಕೇಳಿದ.

"ಸ್ವಲ್ಪ ಸ್ವಲ್ಪ ಬರ್ತಾ ಇದೆ."

"ನಿಧಾನ ಬರ್ಲಿ ಮರ್ರೆ. ಬಂದ್ರೆ ಮೊದ್ಲ್ ಬೈಗುಳ ನಮ್ಗೇ."

ಬರುತ್ತಿದ್ದ ಮಾತು ವಿಚಿತ್ರವಾಗಿತ್ತು. ನಿಮ್ಮ ಊರು ಯಾವುದು ಎಂದರೆ ಶೀನಣ್ಣನಿಗೆ ಹೇಳಲಾಗುತ್ತಿರಲಿಲ್ಲ. ತುಟಿ ಅಲುಗಿ, ಬೆವರಿ, ಬೇರೇನೋ ಸದ್ದು ಹೊರಟು, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು "ತಲ್ಲೂರು" ಎಂದು ಎತ್ತಿಕೊಟ್ಟರೆ ಸಾಕು, ಹೆಮ್ಮಾಡಿ, ಮುಳ್ಳಿಕಟ್ಟೆ, ತ್ರಾಸಿ, ಮರವಂತೆ, ನಾವುಂದ ಎಂದು ಒಂದೇ ಉಸಿರಿಗೆ ಬರುತ್ತಿತ್ತು. ಆದರೆ ಕಿರಿಮಂಜೇಶ್ವರದಲ್ಲಿ ನಿಲ್ಲಲು ಬರುತ್ತಿರಲಿಲ್ಲ. ನಾಗೂರು, ಉಪ್ಪುಂದ ದಾಟಿ ಬೈಂದೂರಿಗೆ ಹೋಗಿಯೇ ಬಾಯಿ ನಿಲ್ಲುತ್ತಿತ್ತು.

"ಇವ್ರಿಗ್ ಮನಿ ಬಂದದ್ದೇ ಗೊತ್ತಾತಿಲ್ಲೆ," ಎಂದು ಗಿರಿಜಕ್ಕ ನಗುತ್ತಿದ್ದರು. ಶೀನಣ್ಣನೂ ಅರ್ಧ ಮುಖದಲ್ಲಿ ನಗುತ್ತಿದ್ದರು. ನಾವು ನಾವುಂದದಿಂದ ಹೊರಟು ಒಂದೇ ನಿಲ್ದಾಣ ಮುಂದೆ ಹೋಗಿ ನಿಲ್ಲುವ ಅಭ್ಯಾಸ ಮಾಡುತ್ತಿದ್ದೆವು. ಅದು ಮಾತಿನ ಕೆಲಸದಲ್ಲಿ ಕಷ್ಟದ ಕೆಲಸ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿದ್ದುದು "ಹೂಂ". ಏನು ಕೇಳಿದರೂ ಶೀನಣ್ಣನ ಬಾಯಿಂದ ಬರುವುದು ಹೂಂ. ಇದು ನಿಮ್ಮ ಮನೆಯೇ, ಹೂಂ. ಇದು ಆಸ್ಪತ್ರೆಯೇ, ಹೂಂ. ಸ್ನಾನ ಬೇಕೆ, ಹೂಂ. ನೀರು ಹಾಕಲು ಹೋದರೆ ಕೈಯಲ್ಲಿ ತಳ್ಳುತ್ತಿದ್ದರು. ಮನೆಯವರಿಗೆ ಇದರಲ್ಲಿ ತೊಂದರೆ ಕಾಣುತ್ತಿರಲಿಲ್ಲ. "ಮೊದ್ಲಿಗಿಂತ ಸಾಧು ಆದ," ಎನ್ನುತ್ತಿದ್ದರು ರಾಧಕ್ಕ. ಬೇಡವೆನ್ನಲು ಬಾರದ ಮನುಷ್ಯನ ಊಟ, ನಿದ್ದೆ, ಸ್ನಾನ, ಮದ್ದು ಎಲ್ಲವೂ ಬೇರೆಯವರ ಇಷ್ಟದಂತೆ ನಡೆಯುತ್ತದೆ. ಆ ಬೇರೆಯವರು ಎಷ್ಟು ಒಳ್ಳೆಯವರಾದರೂ ಅದು ಅಷ್ಟೇ.

ದಾರಿ ಸಿಕ್ಕಿದ್ದು ಜುಲೈಯ ಒಂದು ಶನಿವಾರ. ಅವರ ಮನೆ ಹೆದ್ದಾರಿಗೆ ಹತ್ತಿರ. ಬಸ್ಸು ನಿಂತದ್ದು, ಹೊರಟದ್ದು ಒಳಗೆ ಕೇಳಿಸುತ್ತದೆ. ನಾವು ಕೂತಿದ್ದಾಗ ಬಸ್ಸೊಂದು ಬಂದು ನಿಂತಿತು. ಶೀನಣ್ಣ ಕಿವಿಗೊಟ್ಟು ಕೇಳಿ, ಎಡಗೈಯಿಂದ ಮಂಚದ ಪಟ್ಟಿಗೆ ಎರಡು ಸಲ ಪಟ ಪಟ ಬಡಿದರು. ಆಚೆ ಬಸ್ಸು ಹೊರಟಿತು.

"ರೈಟ್ ಕೊಟ್ರ್," ಎಂದರು ಗಿರಿಜಕ್ಕ, ತರಕಾರಿ ಹೆಚ್ಚುತ್ತಿದ್ದಲ್ಲಿಂದ ತಲೆಯೆತ್ತದೆ. "ದಿನಾ ಅದೇ. ಎರಡ್ ಹೊಡ್ದ್ರೆ ಬಸ್ ಹೋಪುದ್, ಒಂದ್ ಹೊಡ್ದ್ರೆ ನಿಲ್ಲುದ್. ನಮ್ಮನಿ ಮಂಚ ಕುಂದಾಪ್ರದಿಂದ ಬೈಂದೂರಿಗ್ ಎಷ್ಟ್ ಟ್ರಿಪ್ ಹೋಯ್ತೋ!"

ನಾನು ಕುರ್ಚಿಯನ್ನು ಮಂಚದ ಎಡಬದಿಗೆ ಎಳೆದುಕೊಂಡೆ. ಶೀನಣ್ಣ, ಹೌದಾದರೆ ಎರಡು, ಅಲ್ಲವಾದರೆ ಒಂದು ಎಂದೆ. ನಿಮ್ಮ ಹೆಸರು ಶೀನ ಅಲ್ಲವೇ ಎಂದು ಕೇಳಬಾರದು. ಅಂಥ ಪ್ರಶ್ನೆಗೆ ಸರಿಯಿರುವವರೇ ತಡವರಿಸುತ್ತಾರೆ. "ನಿಮ್ಮ ಹೆಸರು ಶೀನ?" ಎಂದೆ. ಎರಡು. "ನಿಮ್ಮ ಹೆಸರು ರಾಜು?" ಬಾಯಿ ಹೂಂ ಎಂದಿತು. ಕೈ ಮೇಲೆದ್ದು, ಗಾಳಿಯಲ್ಲೇ ನಿಂತು, ಒಂದು ಸಲ ಬಡಿಯಿತು. ಶೀನಣ್ಣ ತನ್ನ ಬಾಯಿಯನ್ನು ತಾನೇ ನೋಡಲು ಸಾಧ್ಯವಿದ್ದರೆ ದುರುಗುಟ್ಟಿ ನೋಡುತ್ತಿದ್ದರೇನೋ, ಅಂಥ ಸಿಟ್ಟು ಅವರ ಮುಖದಲ್ಲಿತ್ತು.

ಆರಂಭದಲ್ಲಿ ತಪ್ಪುತ್ತಿತ್ತು. ಒಂದು ಹೊಡೆಯಲು ಹೋಗಿ ಕೈ ತಡೆಯದೆ ಎರಡಾಗುತ್ತಿತ್ತು. ದಿನವೂ ಅಭ್ಯಾಸ ಮಾಡಿಸಿ ಎಂದು ಗಿರಿಜಕ್ಕನಿಗೆ ಹೇಳಿದೆ. ಅಮಾಸೆ ಹತ್ತಿರ ಬರುವಷ್ಟರಲ್ಲಿ ಕೈ ತಪ್ಪುವುದು ಬಹಳ ಕಡಿಮೆಯಾಗಿತ್ತು. ಮನೆಯವರನ್ನೆಲ್ಲ ಕೂರಿಸಿ ಒಂದೇ ಮಾತು ಹೇಳಿದೆ. ಬಾಯಿ ಏನೇ ಹೇಳಲಿ, ಕೈಯನ್ನು ನಂಬಿ. ರಾಧಕ್ಕ, "ಹಾಂಗಾರೆ ಇವ ಇನ್ ಮೇಲೆ ಎರಡ್ ಮನ್ಷ್ಯ ಲೆಕ್ಕ," ಎಂದರು. ಶೀನಣ್ಣ ಒಂದು ಬಡಿದರು. ಎಲ್ಲರಿಗೂ ನಗು.

ಆ ವರ್ಷದ ಆಸಾಡಿ ಅಮಾಸೆಯ ಬೆಳಿಗ್ಗೆ, ಎಂದಿನಂತೆ ನಾನು ಅಮ್ಮನ ಎದುರು ಲೋಟ ಹಿಡಿದು ನಿಂತಿದ್ದೆ. ಒಂದೇ ಗುಟುಕಿಗೆ ಮುಗಿಸಲು ಹೋಗಿ ನೆತ್ತಿಗೇರಿ ಕೆಮ್ಮು ಬಂತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ, ಉಸಿರು ಸರಿಯಾಗುತ್ತಿದ್ದಂತೆ ಫೋನು ಹುಡುಕಿದೆ. ನೀರು, ಚಹಾ, ಮಜ್ಜಿಗೆ, ಸಾರು, ಗಂಜಿ ತೆಳ್ಳಗೆ ಕೊಡಬಾರದೆಂದೆಲ್ಲ ಹೇಳಿದ್ದೆ. ಇದು ಅದ್ಯಾವುದೂ ಅಲ್ಲ. ಇದು ಊಟವಲ್ಲ, ಪಾನೀಯವಲ್ಲ, ಅಮಾಸೆಯದು. ನೀರಿನಷ್ಟೇ ತೆಳ್ಳಗೆ ಸೋಸಿದ್ದು.

ಗಿರಿಜಕ್ಕ ಫೋನು ತೆಗೆದ ಕೂಡಲೇ ಕಷಾಯದ ವಿಷಯ ಕೇಳಿದೆ.

"ಆಯ್ತ್ ಮೇಡಂ, ಎಲ್ಲರ್ದೂ ಆಯ್ತ್," ಎಂದರು. ದನಿಯಲ್ಲಿ ಹಬ್ಬದ ಸಂಭ್ರಮ. "ಅತ್ಗಿ ಶಂಕರನಾರಾಯಣದಿಂದ ಹಾಲೆ ಮರದ ಕೆತ್ತೆ ತಂದಿದ್ರ್. ಇವ್ರೂ ಕುಡ್ದ್ರ್, ಪೂರಾ ಲೋಟ. ನೀವ್ ಕಾಣ್ಕಿತ್ತ್, ಒಂಚೂರೂ ಕೆಮ್ಲಿಲ್ಲೆ!"

ಅವರನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿಯೇ ಇಡಿ, ಮೈ ಬಿಸಿಯಾದರೆ, ಉಸಿರು ಜೋರಾದರೆ ಕೂಡಲೇ ಕರೆತನ್ನಿ ಎಂದೆ. ಗಿರಿಜಕ್ಕನ ದನಿ ತಗ್ಗಿತು. "ಎಂತಾಯ್ತ್ ಮೇಡಂ? ಅದ್ ಮದ್ದ್ ಅಲ್ದಾ?"

ಮರುದಿನ ಸಂಜೆಗೆ ಜ್ವರ. ಅದರ ಮರುದಿನ ಆಂಬುಲೆನ್ಸಿನಲ್ಲಿ ಕುಂದಾಪುರಕ್ಕೆ ಬಂದರು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗಾಗಿತ್ತು. ಆಮ್ಲಜನಕ, ಡ್ರಿಪ್, ಆಂಟಿಬಯಾಟಿಕ್ ಶುರುವಾಯಿತು. ಕೆಲವು ದಿನ ಶೀನಣ್ಣ ಕಣ್ಣು ಬಿಡಲಿಲ್ಲ. ಮಳೆ ಕಿಟಕಿಯ ತಗಡಿನ ಮೇಲೆ ಸುರಿಯುತ್ತಿತ್ತು. ವಾರ್ಡಿನಲ್ಲಿ ಅವರ ಉಸಿರು ಅದಕ್ಕಿಂತ ಜೋರಾಗಿ ಕೇಳುತ್ತಿತ್ತು. ಜ್ವರ ಇಳಿದು ಎಚ್ಚರವಾದಾಗ ಗಲ್ಲ ಒಳಹೋಗಿತ್ತು, ಕತ್ತಿನ ಎಲುಬು ಎದ್ದಿತ್ತು.

ಒಂದು ಮಧ್ಯಾಹ್ನ ಗಿರಿಜಕ್ಕ ನನ್ನನ್ನು ವಾರ್ಡಿನ ಹೊರಗೆ ಕರೆದರು. ಕಾರಿಡಾರಿನ ಬೆಂಚಿನಲ್ಲಿ ಕೂತು ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಿದ್ದರು.

"ನಿಮ್ಮತ್ರ ಒಂದ್ ಹೇಳ್ಕ್. ಅವತ್ತ್ ನಾನ್ ಲೋಟ ತಕಂಡ್ ಹೋರೆ, ಬಾಯಂಗ್ ಹೂಂ ಅಂದ್ರ್. ಕೈ ಒಂದೇ ಹೊಡ್ದದ್."

ಗಿರಿಜಕ್ಕ ಬೆಂಚಿಗೆ ಒಂದು ಸಲ ಬಡಿದು ತೋರಿಸಿದರು.

"ನಾ ಕಂಡಿದೆ. ಕಾಣ್ಲಿಲ್ಲೆ ಅಂದೇಳಿ ಅಲ್ಲ. ಕಹಿ ಯಾರಿಗ್ ಬೇಕ್ ಹೇಳಿ? ಎಲ್ಲರೂ ಬ್ಯಾಡ ಅಂಬುದೇ ಅಲ್ದಾ ಅವತ್ತ್? ಸಣ್ಣ ಮಕ್ಕಳ್ ಹಟ ಮಾಡ್ದಂಗೆ ಅಂದ್ಕಂಡೆ. ಇನ್ನೊಂದ್ ಸಲ ಹೊಡ್ದ್ರ್. ಅತ್ಗಿ ಕೈ ಹಿಡ್ಕಂಡ್ರ್. ನಾನೇ ಹೊಯ್ದೆ."

ಅವರು ಅಳಲಿಲ್ಲ. ನಾನು ಅವರ ಕೈ ಹಿಡಿಯಬೇಕಿತ್ತೇನೋ. ಅಂಥದ್ದು ನನಗೆ ಸಲೀಸಾಗಿ ಬರುವುದಿಲ್ಲ. ಒಳಗೆ ನರ್ಸು ಕರೆಯುವವರೆಗೂ ಅವರ ಪಕ್ಕದಲ್ಲೇ ಕೂತಿದ್ದೆ.

ಸಂಜೆ ಡಾಕ್ಟರು ಬಂದರು. ವಯಸ್ಸಾದವರು, ಅವಸರವಿಲ್ಲದವರು. ಮತ್ತೆ ಮೂಗಿನ ನಳಿಗೆ ಹಾಕುವುದೇ ಒಳ್ಳೆಯದೆಂದರು. ಬಾಯಿಯಿಂದ ಕೊಟ್ಟು ಇನ್ನೊಮ್ಮೆ ಎದೆಗೆ ಇಳಿದರೆ ಈ ಶರೀರ ತಡೆಯಲಾರದು. ರಾಧಕ್ಕ ಕೂಡಲೇ ಒಪ್ಪಿದರು. ಆಗ ಮಂಚದ ಕಬ್ಬಿಣದ ಕಂಬಿಗೆ ಒಂದು ಬಡಿತ ಕೇಳಿಸಿತು. ದುರ್ಬಲವಾದ, ಆದರೆ ಒಂದೇ ಬಡಿತ.

"ಕೈ ಕಟ್ಟಿ ಹಾಕಿ ಡಾಕ್ಟ್ರೇ, ಇಲ್ದಿದ್ರೆ ಮೊದ್ಲಿನಾಂಗೇ ಕಿತ್ತ್ ಬಿಸಾಡ್ತ," ಎಂದರು ರಾಧಕ್ಕ.

ಡಾಕ್ಟರು ನನ್ನ ಕಡೆ ತಿರುಗಿದರು. "ಇವರಿಗೆ ನಾವು ಹೇಳುವುದು ಅರ್ಥ ಆಗ್ತದಾ? ಈ ಬಡಿಯೋದನ್ನು ನಾನು ಲೆಕ್ಕಕ್ಕೆ ತಗೊಳ್ಬಹುದಾ? ನೀವೇ ಹೇಳ್ಬೇಕು. ನಾಳೆ ಬೆಳಿಗ್ಗೆ ನಿರ್ಧಾರ ಮಾಡುವ."

ಎಲ್ಲರೂ ಹೊರಗೆ ಹೋದರು, ಗಿರಿಜಕ್ಕನ ಹೊರತು. ನಾನು ಟ್ಯೂಬ್‌ಲೈಟ್ ಹಾಕಿ, ಶೀನಣ್ಣನಿಗೆ ನನ್ನ ಮುಖ ಕಾಣುವಂತೆ ಎಡಬದಿಗೆ ಕೂತೆ. ಅವರ ಎಡಗೈ ಹೊದಿಕೆಯ ಮೇಲಿತ್ತು. ನಳಿಗೆ ಹಾಕಿದರೆ ಆ ಕೈಯನ್ನು ಕಟ್ಟುತ್ತಾರೆ. ಆ ಕೈ ಬಿಟ್ಟರೆ ಅವರಿಗೆ ಬೇರೆ ಮಾತಿಲ್ಲ. ಅದನ್ನು ಯೋಚಿಸದೆ ಪ್ರಶ್ನೆ ಕೇಳಬೇಕಿತ್ತು; ನನಗೆ ಬೇಕಾದ ಉತ್ತರವನ್ನು ನನ್ನ ದನಿಯೇ ಹೇಳಿಕೊಡಬಾರದಿತ್ತು.

ಮೊದಲು ಗೊತ್ತಿರುವುದನ್ನು ಕೇಳಿದೆ. ಇದು ಬಸ್ಸು? ಒಂದು. ಇದು ಆಸ್ಪತ್ರೆ? ಎರಡು. ಗಿರಿಜಕ್ಕ ನಿಮ್ಮ ತಂಗಿ? ಒಂದು; ಅರ್ಧ ಮುಖದ ನಗು ಬಂದು ಹೋಯಿತು. ಹೀಗೆ ಹಿಂದುಮುಂದಾಗಿ ಹಲವು. ಒಂದೂ ತಪ್ಪಲಿಲ್ಲ. ಬಾಯಿ ಎಲ್ಲದಕ್ಕೂ ಹೂಂ ಎನ್ನುತ್ತಲೇ ಇತ್ತು.

ಆಮೇಲೆ ಪುಸ್ತಕದ ಕನ್ನಡ ಬಿಟ್ಟು, ಅವರ ಮಾತಲ್ಲೇ, ಸಣ್ಣ ಸಣ್ಣದಾಗಿ ಹೇಳಿದೆ. "ಶೀನಣ್ಣ, ಪೈಪ್ ಹಾಕ್ರೆ ಹೊಟ್ಟಿಗ್ ಊಟ ಹೋತ್ತ್. ಕೈ ಕಟ್ತ್ರ್. ಪೈಪ್ ಹಾಕ್ದಿದ್ರೆ ಬಾಯಂಗ್ ಉಂಬುದ್. ಆದ್ರೆ ಊಟ ಮತ್ತೆ ಎದಿಗ್ ಇಳೂಲಕ್ಕ್. ಮತ್ತೆ ಜ್ವರ ಬಪ್ಪುಲಕ್ಕ್."

ಅವರು ನೋಡುತ್ತಿದ್ದರು. ಮುಂದಿನದನ್ನು ಹೇಳಲೇಬೇಕಿತ್ತು. ಗಿರಿಜಕ್ಕ ಕಿಟಕಿಯ ಕಡೆ ತಿರುಗಿದರು.

"ಸಾಯ್ಲೂ ಅಕ್ಕ್ ಶೀನಣ್ಣ. ಅದ್ ಗೊತ್ತಾಯ್ತಾ?"

ಎರಡು.

"ಪೈಪ್ ಹಾಕುದಾ?"

ಒಂದು.

ಸ್ವಲ್ಪ ಹೊತ್ತು ಬಿಟ್ಟು, ಬೇರೆ ಏನೇನೋ ಕೇಳಿ, ತಿರುಗಿಸಿ ಕೇಳಿದೆ. "ಬಾಯಂಗೇ ಉಂಬುದಾ?"

ಎರಡು. ಕೈ ಕಂಬಿಯ ಮೇಲೇ ಉಳಿಯಿತು.

ನಾನು ಕಾರಿಡಾರಿಗೆ ಬಂದು ಡಾಕ್ಟರಿಗೆ ಫೋನು ಮಾಡಿದೆ. ಇದು ಅವರ ಸ್ವಂತ ಉತ್ತರ, ಅರ್ಥವಾಗಿಯೇ ಹೇಳಿದ್ದಾರೆ, ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದೆ. ಆ ಕಡೆಯಿಂದ ಒಂದು ನಿಟ್ಟುಸಿರು. ಆಮೇಲೆ, "ಸರಿ. ಹಾಗಾದರೆ ನೀವೇ ನಿಂತು ಉಣಿಸಿ, ಮನೆಯವರಿಗೂ ಕಲಿಸಿ," ಎಂದರು.

ರಾಧಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ನಗುತ್ತ ಕೀಟಲೆ ಮಾಡುತ್ತಿದ್ದ ಹೆಂಗಸು ಅವತ್ತು ನನ್ನನ್ನು ಟೀಚರ್ ಎನ್ನಲಿಲ್ಲ.

"ನೀನ್ ಸಣ್ ಹೆಣ್ಣ್. ನಿನ್ನ್ ತಮ್ಮ ಆಯಿದ್ರೆ ಹೀಂಗ್ ಹೇಳ್ತಿದ್ಯಾ? ನಾಳೆ ನಿಂಗ್ ಬೇರೆ ಪೇಶೆಂಟ್ ಬತ್ರ್. ನಂಗ್ ಬೇರೆ ತಮ್ಮ ಇಲ್ಲೆ."

ಶೀನಣ್ಣ ಆ ಸಲ ಬದುಕಿಕೊಂಡು ಕಿರಿಮಂಜೇಶ್ವರಕ್ಕೆ ಹಿಂತಿರುಗಿದರು. ಮಳೆ ಬಿಟ್ಟ ಮೇಲೆ ಕೆಲವು ಶನಿವಾರ ನಾನು ಹೋದೆ. ನಾವುಂದದಿಂದ ಹೊರಟು ಕಿರಿಮಂಜೇಶ್ವರದಲ್ಲಿ ಎರಡು ಸಲ ನಿಂತರು. ಚಳಿಗಾಲದಲ್ಲಿ ಮತ್ತೆ ಜ್ವರ ಬಂತು. ಆಸ್ಪತ್ರೆಗೆ ಕರೆದೊಯ್ಯಲೇ ಎಂದು ಗಿರಿಜಕ್ಕ ಅವರನ್ನೇ ಕೇಳಿದರಂತೆ. ಅವರು ಮನೆಯಲ್ಲೇ ತೀರಿಕೊಂಡರು. ನಳಿಗೆ ಹಾಕಿದ್ದರೆ ಇನ್ನೂ ಎಷ್ಟು ಕಾಲ ಇರುತ್ತಿದ್ದರು ಎಂಬ ಪ್ರಶ್ನೆ ಪ್ರತಿ ಆಸಾಡಿಗೆ ಬರುತ್ತದೆ. ಹಾಕಿದ್ದರೂ ಎದೆಗೆ ಇಳಿಯುವುದು ಪೂರ್ತಿ ತಪ್ಪುತ್ತಿರಲಿಲ್ಲ ಎಂದು ಓದಿನಿಂದ ಬಲ್ಲೆ. ಆ ತಿಳಿವಳಿಕೆಯಿಂದ ರಾಧಕ್ಕನಿಗೆ ಏನು ಸಮಾಧಾನ ಹೇಳಬಹುದೆಂದು ಮಾತ್ರ ತಿಳಿಯದು. ಅವರು ಆಮೇಲೆ ನನ್ನೊಂದಿಗೆ ಮಾತಾಡಲಿಲ್ಲ.

ಡಾಕ್ಟರಿಗೆ ಫೋನು ಮಾಡಿದ ಆ ಸಂಜೆ ಬ್ರಹ್ಮಾವರಕ್ಕೆ ಬಸ್ಸು ಹತ್ತಿದಾಗ ಮೈಯೆಲ್ಲ ಒದ್ದೆಯಾಗಿತ್ತು. ಅಮ್ಮ ಊಟಕ್ಕೆ ಕರೆದಳು, ಹಸಿವಿಲ್ಲ ಎಂದೆ. ಅವಳು ಒತ್ತಾಯಿಸಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು, ಡ್ಯೂಟಿಗೆ ಮುಂಚೆ ವಾರ್ಡಿಗೆ ಹೋದೆ. ಗಿರಿಜಕ್ಕ ಆಸ್ಪತ್ರೆಯ ಕ್ಯಾಂಟೀನಿನವರ ಒಲೆಯಲ್ಲಿ ರಾಗಿ ಮಣ್ಣಿ ಕಾಯಿಸಿ ತಂದಿದ್ದರು. ಮಂಚದ ತಲೆಭಾಗ ಎತ್ತಿ, ಶೀನಣ್ಣನ ಬೆನ್ನಿಗೆ ದಿಂಬು ಕೊಟ್ಟು, ಬಾಯಿ ತೊಳೆಸಿದೆ. ಚಮಚವನ್ನು ಅವರಿಗೆ ಕಾಣುವಂತೆ ಎದುರು ಹಿಡಿದು, ಎರಡು ಬಡಿತ ಬಂದ ಮೇಲೆ ತುಟಿಗೆ ಒಯ್ದೆ. ನುಂಗಿದರು. ಬರಿದೇ ಇನ್ನೊಮ್ಮೆ ನುಂಗಿಸಿ, ಗಂಟಲಲ್ಲಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮುಂದಿನದು. ಹೀಗೆ ಕೆಲವು ಚಮಚ ಹೋಯಿತು. ಗಿರಿಜಕ್ಕ ಪಕ್ಕದಲ್ಲಿ ನಿಂತು ಚಮಚ ಎಣಿಸುತ್ತಿದ್ದರು. ಬಟ್ಟಲಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು, ಶೀನಣ್ಣ ಕಂಬಿಗೆ ಒಂದು ಬಡಿದರು.

"ಅಯ್ಯೋ, ಇನ್ನೊಂದೇ ಒಂದ್ ಚಮ್ಚ," ಎಂದು ಗಿರಿಜಕ್ಕ ಕೈ ಚಾಚಿದರು. "ಎಷ್ಟ್ ದಿನ ಆಯ್ತ್ ಹೊಟ್ಟಿಗ್ ಏನೂ ಇಲ್ದೆ."

ಅವರ ದೇಹಕ್ಕೆ ಅದು ಬೇಕಿತ್ತೆಂದು ನನಗೂ ಗೊತ್ತಿತ್ತು. ಬಟ್ಟಲಿಗೆ ಮುಚ್ಚಳ ಹಾಕಿದೆ.